ಸೀಲ್ಡ್ ಬ್ಯಾಟರಿ ಚಾರ್ಜಿಂಗ್: ಎಷ್ಟು ವೋಲ್ಟ್, ಎಷ್ಟು ಹೊತ್ತು, ಎಲ್ಲಿ ಎಚ್ಚರ

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ನಮ್ಮನೆ ಸ್ಪ್ರೇಯರಿನ ಬ್ಯಾಟರಿ ತನ್ನ ಗೂಡಿನಿಂದ ಹೊರಗೇ ಬರಲಿಲ್ಲ. ಎರಡೂ ಪಕ್ಕದ ಗೋಡೆ ಉಬ್ಬಿ ಪ್ಲಾಸ್ಟಿಕ್ ಡಬ್ಬಿಗೆ ಕಚ್ಚಿಕೊಂಡಿತ್ತು. ಕೊಟ್ಟಿಗೆ ಪಕ್ಕದ ಕೋಣೆಯ ತುಂಬ ಕೊಳೆತ ಮೊಟ್ಟೆಯ ವಾಸನೆ. ಎರಡು ದಿನದ ಮೇಲೆ ಕರೆಂಟು ಬಂದ ಖುಷಿಗೆ ಹಿಂದಿನ ರಾತ್ರಿ ಅದನ್ನು ಚಾರ್ಜಿಗೆ ಹಾಕಿ ಮಲಗಿದ್ದೆ. ಅದರದ್ದೇ ಚಾರ್ಜರ್ ಕೈಗೆ ಸಿಗಲಿಲ್ಲವೆಂದು ಜೀಪಿನ ಬ್ಯಾಟರಿಗೆ ಇಟ್ಟುಕೊಂಡಿದ್ದ ಹಳೆಯ ತೂಕದ ಚಾರ್ಜರಿನ ಕ್ಲಿಪ್ ಸಿಕ್ಕಿಸಿದ್ದೆ. ಎರಡೂ 12 ವೋಲ್ಟೇ ಅಲ್ಲವಾ ಅನ್ನೋದು ನನ್ನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ಹೋದಾಗ ತಿಳಿದದ್ದು ಈ ಬರಹ.

ಜೋಗದಲ್ಲಿ 1948ರಿಂದ ಕರೆಂಟು ತಯಾರಾಗುತ್ತಿದೆ. ಹಾಗಂತ ಆಗುಂಬೆ, ಹೊಸನಗರ, ಸಾಗರದ ಕಡೆಯ ಒಂಟಿಮನೆಗಳಿಗೆ ಮಳೆಗಾಲದ ಕತ್ತಲೆ ತಪ್ಪಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಡಿನ ನಡುವೆ ತಂತಿ ಎಳೆದರೆ ಅದರ ಮೇಲೆ ಮರ ಬೀಳುವುದು ಇದ್ದದ್ದೇ. ಹಾಗಾಗಿ ನಮ್ಮ ಮನೆಗಳಲ್ಲಿ ಗೊತ್ತಿಲ್ಲದ ಹಾಗೆ ಬ್ಯಾಟರಿಗಳ ಒಂದು ಸಂಸಾರವೇ ಬೆಳೆದಿದೆ: ಎಮರ್ಜೆನ್ಸಿ ಲೈಟು, ಕಂಪ್ಯೂಟರಿನ ಯುಪಿಎಸ್, ಬೆನ್ನಿಗೆ ಹಾಕುವ ಸ್ಪ್ರೇಯರ್, ಹಂದಿ-ಮಂಗಕ್ಕೆ ಕಟ್ಟಿದ ಸೋಲಾರ್ ಬೇಲಿ, ಬೈಕು. ಇವುಗಳಲ್ಲಿ ಬಹುಪಾಲಿನ ಒಳಗಿರುವುದು ಒಂದೇ ಜಾತಿಯ ಬ್ಯಾಟರಿ.

ಯಾವ ಬ್ಯಾಟರಿಯ ಮಾತಿದು

ನಮ್ಮ ಕಡೆ ಹಿರಿಯರಿಗೆ ಬ್ಯಾಟರಿ ಅಂದರೆ ಟಾರ್ಚು. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಕಪ್ಪು ಅಥವಾ ಬೂದು ಬಣ್ಣದ, ಇಟ್ಟಿಗೆಯಂತೆ ಭಾರದ ಡಬ್ಬಿಯನ್ನು. ಅಂಗಡಿಯವರು ಇದಕ್ಕೆ ಎಸ್‌ಎಂಎಫ್ (ಸೀಲ್ಡ್ ಮೇಂಟೆನೆನ್ಸ್ ಫ್ರೀ, ಅಂದರೆ ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿ) ಅನ್ನುತ್ತಾರೆ, ಕೆಲವರು ಡ್ರೈ ಬ್ಯಾಟರಿ ಅನ್ನುತ್ತಾರೆ. ಎರಡನೆಯ ಹೆಸರು ಪೂರಾ ನಿಜವಲ್ಲ. ಒಳಗೆ ಸೀಸದ ಫಲಕಗಳೂ ಗಂಧಕಾಮ್ಲವೂ ಇವೆ. ಆಮ್ಲ ತುಳುಕುವುದಿಲ್ಲ, ಅಷ್ಟೇ. ಒಂದು ಬಗೆಯಲ್ಲಿ ಅದನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ, ಇದು ಎಜಿಎಂ. ಇನ್ನೊಂದರಲ್ಲಿ ಆಮ್ಲವನ್ನೇ ಗಂಜಿಯ ಹದಕ್ಕೆ ತಂದಿರುತ್ತಾರೆ, ಅದು ಜೆಲ್. ಯುಪಿಎಸ್, ಸ್ಪ್ರೇಯರ್, ಎಮರ್ಜೆನ್ಸಿ ಲೈಟುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಜಿಎಂ.

ಜಗಲಿ ಮೂಲೆಯಲ್ಲಿ ಇನ್ವರ್ಟರಿಗೆ ಕೂತಿರುವ, ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುವ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಇದರ ದಾಯಾದಿ. ಒಳಗಿನ ಸೀಸ, ಆಮ್ಲ ಎಲ್ಲ ಒಂದೇ, ಸಾಕುವ ಕ್ರಮ ಬೇರೆ. ಅದರ ನೀರು ಆರಿದರೆ ತುಂಬಿಸಬಹುದು. ಸೀಲ್ಡ್ ಬ್ಯಾಟರಿಯಲ್ಲಿ ಆರಿದ್ದು ಆರಿತು. ಚಾರ್ಜಿಂಗಿನ ನಿಯಮಗಳೆಲ್ಲ ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಒಮ್ಮೆ ಖಾಲಿಯಾದ ಮೇಲೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿ ಅದು. ಅಷ್ಟು ಹಳೆಯದಾದರೂ ಇನ್ನೂ ಅಂಗಡಿಯಲ್ಲಿದೆ. ಅಗ್ಗ, ಗಟ್ಟಿ, ಹಳತಾದ ಮೇಲೂ ತೂಕಕ್ಕೆ ಕಾಸು ಬರುತ್ತದೆ.

ಒಳಗೆ ನಡೆಯುವುದು: ಸಕ್ಕರೆ ಮತ್ತು ಕಲ್ಲುಸಕ್ಕರೆ

12 ವೋಲ್ಟಿನ ಬ್ಯಾಟರಿಯೊಳಗೆ ತಲಾ 2 ವೋಲ್ಟಿನ ಆರು ಮನೆಗಳಿರುತ್ತವೆ. ಎಮರ್ಜೆನ್ಸಿ ಲೈಟಿನ 6 ವೋಲ್ಟಿನದ್ದಾದರೆ ಮೂರು. ಪ್ರತಿ ಮನೆಯಲ್ಲೂ ಒಂದು ಸೀಸದ ಫಲಕ, ಒಂದು ಸೀಸದ ಆಕ್ಸೈಡಿನ ಫಲಕ, ನಡುವೆ ಆಮ್ಲ. ದೀಪ ಉರಿಯುವಾಗ ಆಮ್ಲದಲ್ಲಿರುವ ಸಲ್ಫೇಟ್ ಎರಡೂ ಫಲಕಗಳಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ, ಆಮ್ಲ ನೀರು ನೀರಾಗುತ್ತದೆ. ಚಾರ್ಜ್ ಮಾಡುವುದೆಂದರೆ ಆ ಸಲ್ಫೇಟನ್ನು ಫಲಕದಿಂದ ಬಿಡಿಸಿ ಮತ್ತೆ ಆಮ್ಲಕ್ಕೆ ಸೇರಿಸುವುದು.

ಈಗಷ್ಟೇ ಅಂಟಿದ ಸಲ್ಫೇಟು ಪುಡಿಸಕ್ಕರೆಯ ಹಾಗೆ, ಸಲೀಸಾಗಿ ಕರಗುತ್ತದೆ. ಖಾಲಿ ಬ್ಯಾಟರಿಯನ್ನು ಹಾಗೇ ವಾರ, ತಿಂಗಳು ಬಿಟ್ಟರೆ ಅದು ಹರಳುಗಟ್ಟಿ ಕಲ್ಲುಸಕ್ಕರೆಯಾಗುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಅದರ ಬಹುಪಾಲು ಬಿಡುವುದಿಲ್ಲ. ಫಲಕದ ಅಷ್ಟು ಜಾಗ ಸತ್ತಂತೆ. ಇದಕ್ಕೆ ಸಲ್ಫೇಶನ್ ಅನ್ನುತ್ತಾರೆ. "ಅರ್ಧ ಗಂಟೆಗೆಲ್ಲ ಫುಲ್ ತೋರಿಸ್ತದೆ ಮಾರಾಯ್ರೆ, ಹತ್ತೇ ನಿಮಿಷಕ್ಕೆ ಠುಸ್" ಎಂದು ಪಕ್ಕದ ಮನೆಯವರು ಹೇಳುವ ಬ್ಯಾಟರಿಗೆ ಆಗಿರುವುದು ಹೆಚ್ಚಾಗಿ ಇದೇ. ತುಂಬಲು ಉಳಿದಿರುವ ಜಾಗವೇ ಕಡಿಮೆ, ಅದಕ್ಕೇ ಬೇಗ ತುಂಬುತ್ತದೆ.

ಇನ್ನು ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇದ್ದರೆ? ಬಿಡಿಸಲು ಸಲ್ಫೇಟ್ ಉಳಿದಿರುವುದಿಲ್ಲ, ಕರೆಂಟು ನೀರನ್ನೇ ಒಡೆಯತೊಡಗುತ್ತದೆ. ಆಕ್ಸಿಜನ್, ಹೈಡ್ರೋಜನ್ ಏಳುತ್ತವೆ. ಸೀಲ್ಡ್ ಬ್ಯಾಟರಿಯ ಜಾಣತನ ಇರುವುದು ಇಲ್ಲಿ: ಹುಟ್ಟಿದ ಆಕ್ಸಿಜನ್ ಗಾಜಿನ ಹಾಸಿನ ಸಂದಿಯಿಂದ ಆಚೆ ಫಲಕಕ್ಕೆ ಹೋಗಿ ಮತ್ತೆ ನೀರಾಗುತ್ತದೆ, ಮುಚ್ಚಿಟ್ಟ ಪಾತ್ರೆಯ ಹಬೆ ಮುಚ್ಚಳಕ್ಕೆ ತಾಗಿ ಒಳಗೇ ಇಳಿದ ಹಾಗೆ. ಆದರೆ ಬೆಂಕಿ ಜೋರಾದರೆ ಮುಚ್ಚಳ ಹಾರುತ್ತದಲ್ಲ, ಇಲ್ಲೂ ಹಾಗೆಯೇ. ಅನಿಲ ನೀರಾಗುವ ವೇಗಕ್ಕಿಂತ ಹುಟ್ಟುವ ವೇಗ ಹೆಚ್ಚಾದರೆ ಒಳಗೆ ಒತ್ತಡ ಏರುತ್ತದೆ, ಕುಕ್ಕರಿನ ಸೇಫ್ಟಿ ವಾಲ್ವ್‌ನಂಥ ರಬ್ಬರ್ ಮುಚ್ಚಳ ತೆರೆದು ಅನಿಲ ಹೊರಗೆ ಹೋಗುತ್ತದೆ. ಹೋದ ಅನಿಲದಷ್ಟು ನೀರು ಕಾಯಂ ನಷ್ಟ. ಜೊತೆಗೆ ಬಿಸಿ. ಬಿಸಿಯಾದ ಬ್ಯಾಟರಿ ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಬಿಸಿ. ನನ್ನ ಸ್ಪ್ರೇಯರ್ ಬ್ಯಾಟರಿ ಆ ರಾತ್ರಿ ಈ ಸುಳಿಗೇ ಬಿದ್ದದ್ದು. ಬಿಸಿಗೆ ಮೆತ್ತಗಾದ ಪ್ಲಾಸ್ಟಿಕ್ಕು ಒಳಗಿನ ಒತ್ತಡಕ್ಕೆ ಉಬ್ಬಿತ್ತು.

ಗದ್ದೆಗೆ ನೀರು ಕಟ್ಟಿದವರಿಗೆ ಇದು ಹೊಸದಲ್ಲ

ವೋಲ್ಟು, ಆಂಪಿಯರ್, ಎಎಚ್ ಎಂಬ ಮೂರು ಮಾತು ಬ್ಯಾಟರಿಯ ಮೈಮೇಲೆ ಇರುತ್ತವೆ. ಕಾಲುವೆ ಪಕ್ಕದ ಗದ್ದೆಯನ್ನು ನೆನೆಸಿಕೊಳ್ಳಿ. ಕಾಲುವೆಯಲ್ಲಿ ನೀರು ನಿಂತ ಎತ್ತರ ವೋಲ್ಟು. ತೂಬಿನಿಂದ ಗದ್ದೆಗೆ ಹರಿಯುವ ನೀರು ಆಂಪಿಯರ್. ಗದ್ದೆ ಒಟ್ಟು ಹಿಡಿಯುವ ನೀರು ಎಎಚ್, ಅಂದರೆ ಆಂಪಿಯರ್-ಗಂಟೆ.

ಬಿರುಕುಬಿಟ್ಟ ಗದ್ದೆಗೆ ತೂಬು ತೆಗೆದರೆ ಮೊದಮೊದಲು ಬಿಟ್ಟಷ್ಟನ್ನೂ ಕುಡಿಯುತ್ತದೆ. ಹರಿವನ್ನು ತಡೆಯುವುದು ತೂಬಿನ ಅಗಲ ಮಾತ್ರ. ಚಾರ್ಜಿಂಗಿನ ಮೊದಲ ಹಂತ ಇದೇ. ಚಾರ್ಜರು ತನಗೆ ಸಾಧ್ಯವಾದ ಪೂರ್ತಿ ಆಂಪಿಯರ್ ಕೊಡುತ್ತದೆ, ಬ್ಯಾಟರಿಯ ವೋಲ್ಟು ನಿಧಾನಕ್ಕೆ ಏರುತ್ತದೆ.

ಗದ್ದೆಯ ನೀರು ಕಾಲುವೆಯ ಮಟ್ಟಕ್ಕೆ ಹತ್ತಿರ ಬಂದಂತೆ ಹರಿವು ತಾನಾಗಿ ಕುಗ್ಗುತ್ತದೆ, ಯಾರೂ ತೂಬು ಮುಚ್ಚಬೇಕಿಲ್ಲ. ಎರಡನೆಯ ಹಂತದಲ್ಲಿ ಒಳ್ಳೆಯ ಚಾರ್ಜರ್ ಮಾಡುವುದು ಇಷ್ಟೇ: ಕಾಲುವೆಯ ಮಟ್ಟವನ್ನು ಒಂದೇ ಕಡೆ ಹಿಡಿದಿಟ್ಟು ಕಾಯುತ್ತದೆ. ಆಂಪಿಯರ್ ಎಷ್ಟು ಬೇಕೆಂದು ಬ್ಯಾಟರಿಯೇ ನಿರ್ಧರಿಸುತ್ತದೆ. ಕಾಲುವೆಯ ಮಟ್ಟ ಗದ್ದೆಯ ಅಂಚಿಗಿಂತ ಮೇಲಿದ್ದರೆ ಮಾತ್ರ ಕಥೆ ಬೇರೆ. ಗದ್ದೆ ತುಂಬಿದರೂ ನೀರು ನುಗ್ಗುತ್ತಲೇ ಇರುತ್ತದೆ, ಅಂಚು ಒಡೆಯುತ್ತದೆ. ನನ್ನ ಹಳೆಯ ಚಾರ್ಜರಿಗೆ ಮಟ್ಟ ಹಿಡಿಯುವ ವಿದ್ಯೆಯೇ ಇರಲಿಲ್ಲ. ಬ್ಯಾಟರಿ ತುಂಬಿದಂತೆ ಅದರ ವೋಲ್ಟು 15, 16 ಅಂತ ಏರುತ್ತಲೇ ಹೋಗುವ ಜಾತಿ ಅದು. ಚಾರ್ಜರಿನ ಮೈಮೇಲೆ ಬರೆದ "12 ವೋಲ್ಟ್" ಬ್ಯಾಟರಿಯ ಜಾತಿ ಹೇಳುತ್ತದೆಯೇ ಹೊರತು ಚಾರ್ಜರ್ ನಿಜಕ್ಕೂ ಎಷ್ಟಕ್ಕೆ ನಿಲ್ಲುತ್ತದೆ ಅನ್ನುವುದನ್ನಲ್ಲ.

ಮೂರನೆಯ ಹಂತ, ತುಂಬಿದ ಗದ್ದೆಯನ್ನು ಹಾಗೇ ಉಳಿಸಿಕೊಳ್ಳುವುದು. ಬಿಸಿಲಿಗೆ ಆರಿದ್ದು, ನೆಲಕ್ಕೆ ಇಂಗಿದ್ದು, ಏಡಿ ಕೊರೆದ ಬಿಲದಲ್ಲಿ ಸೋರಿದ್ದು ಇಷ್ಟನ್ನು ತುಂಬಿಕೊಟ್ಟರೆ ಸಾಕು. ಬ್ಯಾಟರಿಗೂ ಏಡಿ ಬಿಲವಿದೆ. ಸುಮ್ಮನೆ ಇಟ್ಟರೂ ತಿಂಗಳಿಗೆ ನೂರಕ್ಕೆ ಸುಮಾರು ಮೂರರಷ್ಟು ತಾನಾಗಿ ಇಳಿಯುತ್ತದೆ, ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ. ಇದಕ್ಕಾಗಿ ಮಟ್ಟವನ್ನು ತುಸು ಇಳಿಸಿ ಹಿಡಿಯುವುದಕ್ಕೆ ಫ್ಲೋಟ್ ಅನ್ನುತ್ತಾರೆ.

ಲೇಬಲ್ಲಿನಲ್ಲಿ ವೋಲ್ಟಿನ ಅಂಕಿ ಎರಡೆರಡು ಯಾಕಿವೆ

ಯುಪಿಎಸ್ಸಿನ 7 ಎಎಚ್ ಬ್ಯಾಟರಿಯನ್ನು ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಮೂರು ಸಾಲು ಇರುತ್ತವೆ. ಸೈಕಲ್ ಯೂಸ್ ಎಂದು 14.4ರಿಂದ 15 ವೋಲ್ಟಿನೊಳಗಿನ ಒಂದು ಅಂಕಿ. ಸ್ಟ್ಯಾಂಡ್‌ಬೈ ಯೂಸ್ ಎಂದು 13.5ರಿಂದ 13.8. ಇನಿಷಿಯಲ್ ಕರೆಂಟ್ ಎಂದು ಸುಮಾರು 2.1 ಆಂಪಿಯರಿಗಿಂತ ಕಡಿಮೆ. ಈ ಮೂರು ಸಾಲು ಓದಲು ಬಂದರೆ ಅರ್ಧ ವಿದ್ಯೆ ಬಂದಂತೆ.

ಸೈಕಲ್ ಅಂದರೆ ಖಾಲಿ ಮಾಡು, ತುಂಬು, ತೆಗೆದಿಡು. ಸ್ಪ್ರೇಯರ್ ಹೀಗೆ. ಕೆಲವು ಗಂಟೆಯಲ್ಲಿ ತುಂಬಬೇಕು, ಆದ್ದರಿಂದ ಮಟ್ಟ ಮೇಲೆ. ಬಹುತೇಕ ಎಜಿಎಂ ಬ್ಯಾಟರಿಗೆ 14.4ರಿಂದ 14.7 ವೋಲ್ಟ್ ಹೊಂದುತ್ತದೆ. ಆದರೆ ಆ ಮಟ್ಟದಲ್ಲಿ ದಿನಗಟ್ಟಲೆ ಬಿಡುವಂತಿಲ್ಲ, ಅನಿಲ ಏಳುವ ಗಡಿ ಅಲ್ಲೇ ಇದೆ. ಸ್ಟ್ಯಾಂಡ್‌ಬೈ ಅಂದರೆ ಯುಪಿಎಸ್ಸಿನ ಹಾಗೆ ವರ್ಷವಿಡೀ ಚಾರ್ಜರಿಗೆ ಅಂಟಿಕೊಂಡು ಕಾಯುವ ಕೆಲಸ. ಅದಕ್ಕೆ 13.5-13.8, ಮೇಲೆ ಹೇಳಿದ ಫ್ಲೋಟ್ ಮಟ್ಟ ಇದೇ. ಇಲ್ಲಿ ತುಂಬಲು ಹೆಚ್ಚು ಹೊತ್ತು ಬೇಕು, ಬಿಟ್ಟರೆ ಅಪಾಯವಿಲ್ಲ. 6 ವೋಲ್ಟಿನ ಬ್ಯಾಟರಿಗೆ ಇವೆಲ್ಲದರ ಅರ್ಧ ಹಿಡಿಯಿರಿ. ಜೆಲ್ ಆದರೆ ಮೇಲಿನ ಮಟ್ಟ ಇನ್ನೂ ತುಸು ಕಡಿಮೆ, 14.1ರಿಂದ 14.4ರೊಳಗೆ.

ಇನಿಷಿಯಲ್ ಕರೆಂಟ್ ತೂಬಿನ ಅಗಲ. ಎಎಚ್ ಅಂಕಿಯ ಹತ್ತನೇ ಒಂದರಿಂದ ಹತ್ತನೇ ಮೂರರವರೆಗೆ ಇರಬಹುದು. 7 ಎಎಚ್ ಬ್ಯಾಟರಿಗೆ 0.7ರಿಂದ 2.1 ಆಂಪಿಯರ್. ಜೀಪಿನ ಚಾರ್ಜರ್ ಇದರ ಎರಡು-ಮೂರು ಪಟ್ಟು ನೂಕಬಲ್ಲದು.

ಈ ಅಂಕಿಗಳೆಲ್ಲ 25 ಡಿಗ್ರಿ ಹವೆಗೆ ಹೇಳಿದ್ದು. ಚಳಿಯಲ್ಲಿ ಬ್ಯಾಟರಿ ಸೋಮಾರಿ, ತುಸು ಹೆಚ್ಚು ಮಟ್ಟ ಬೇಡುತ್ತದೆ. ಸೆಕೆಯಲ್ಲಿ ಕಡಿಮೆ ಸಾಕು. ಫ್ಲೋಟ್ ಲೆಕ್ಕದಲ್ಲಿ 10 ಡಿಗ್ರಿಗೆ ಹತ್ತಿರಹತ್ತಿರ 0.2 ವೋಲ್ಟ್. ಮಾಗಿಯ ಬೆಳಗಿನ 15 ಡಿಗ್ರಿಗೆ ಅಷ್ಟು ಏರಿಸಬೇಕು, ಶಿವಮೊಗ್ಗ ಪೇಟೆಯ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಗೆ ಅಷ್ಟು ಇಳಿಸಬೇಕು. ಒಳ್ಳೆಯ ಚಾರ್ಜರುಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ. ನಾವು ನೋಡಿಕೊಳ್ಳಬೇಕಾದದ್ದು ಜಾಗ. ಯುಪಿಎಸ್ಸನ್ನು ಕಂಪ್ಯೂಟರಿನ ಹಿಂದೆ ಗಾಳಿಯಾಡದ ಸಂದಿಗೆ ತುರುಕಿದರೆ ಒಳಗಿನ ಬ್ಯಾಟರಿ ಸದಾ ಬಿಸಿ. 25ರ ಮೇಲೆ ಪ್ರತಿ ಎಂಟು-ಹತ್ತು ಡಿಗ್ರಿಗೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎಷ್ಟು ಹೊತ್ತು ಹಾಕಬೇಕು

ನನ್ನ ಸ್ಪ್ರೇಯರಿನದ್ದು 12 ವೋಲ್ಟ್, 8 ಎಎಚ್. ಅದರ ಜೊತೆ ಬಂದ ಚಾರ್ಜರ್ 1.7 ಆಂಪಿಯರಿನದ್ದು. 8ನ್ನು 1.7ರಿಂದ ಭಾಗಿಸಿದರೆ ಐದು ಗಂಟೆಯೂ ಆಗುವುದಿಲ್ಲ. ಆದರೆ ಐದು ಗಂಟೆಗೆ ತೆಗೆದರೆ ಅದು ತುಂಬಿರುವುದಿಲ್ಲ. ಪೂರ್ತಿ ಆಂಪಿಯರ್ ಹರಿಯುವುದು ಮೊದಲ ಹಂತದಲ್ಲಿ ಮಾತ್ರ. ನೂರಕ್ಕೆ ಎಪ್ಪತ್ತು-ಎಂಬತ್ತು ಭಾಗ ಬೇಗ ತುಂಬುತ್ತದೆ, ಕೊನೆಯ ಇಪ್ಪತ್ತು ಭಾಗಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಪೂರ್ತಿ ಖಾಲಿಯಾಗಿದ್ದರೆ ನಾನು ಏಳೆಂಟು ಗಂಟೆ ಬಿಡುತ್ತೇನೆ.

ಮಲೆನಾಡಿನಲ್ಲಿ ಬ್ಯಾಟರಿಗಳು ಸಾಯುವುದು ಈ ಕೊನೆಯ ಇಪ್ಪತ್ತರಲ್ಲೇ ಎಂದು ನನಗೆ ಅನುಮಾನ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಕರೆಂಟು ಎರಡು ಗಂಟೆ ಬರುತ್ತದೆ, ನಾಲ್ಕು ಗಂಟೆ ಹೋಗುತ್ತದೆ. ಎಮರ್ಜೆನ್ಸಿ ಲೈಟು ಪ್ರತಿಸಲವೂ ಮುಕ್ಕಾಲು ತುಂಬಿ ಮತ್ತೆ ಇಳಿಯುತ್ತದೆ. ಕೆಲಸಕ್ಕೇನೂ ತೊಂದರೆ ಕಾಣುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಅಷ್ಟರಲ್ಲಿ ಬಿಡಿಸದೆ ಉಳಿದ ಕಾಲುಭಾಗ ಸಲ್ಫೇಟು ವಾರದಿಂದ ವಾರಕ್ಕೆ ಕಲ್ಲುಸಕ್ಕರೆಯಾಗುತ್ತಿರುತ್ತದೆ. ಅರ್ಧಂಬರ್ಧ ಚಾರ್ಜು ತಪ್ಪೇನಲ್ಲ, ಖಾಲಿ ಬಿಡುವುದಕ್ಕಿಂತ ಅದೇ ವಾಸಿ. ಆದರೆ ವಾರಕ್ಕೊಮ್ಮೆಯಾದರೂ, ಕರೆಂಟು ಹೋಗದ ರಾತ್ರಿ ನೋಡಿ, ಕೊನೆಯವರೆಗೆ ತುಂಬಿಸಬೇಕು.

ಮೊಬೈಲಿನ ಕಾಲದವರು "ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗೆ ಹಾಕು" ಎಂದು ಸಲಹೆ ಕೊಡುವುದುಂಟು. ಸೀಸದ ಬ್ಯಾಟರಿಗೆ ಅದು ಉಲ್ಟಾ. ಪ್ರತಿಸಲ ತಳ ಕಾಣುವವರೆಗೆ ಬಳಸಿದರೆ ಸಾಮಾನ್ಯ ಎಜಿಎಂ ಬ್ಯಾಟರಿ 200 ಸಲದ ಆಸುಪಾಸಿಗೆ ಸುಸ್ತಾಗುತ್ತದೆ. ಅರ್ಧಕ್ಕೇ ನಿಲ್ಲಿಸಿ ತುಂಬಿಸಿದರೆ 400-500 ಸಲ ಬರುತ್ತದೆ. ಹನ್ನೊಂದು ಗಂಟೆ ಚಹಾಕ್ಕೆ ತೋಟದಿಂದ ಬಂದಾಗಲೇ ಚಾರ್ಜಿಗೆ ಸಿಕ್ಕಿಸಿಬಿಡಿ.

ತುಂಬಿದೆಯೋ ಇಲ್ಲವೋ: ನೊರೆ ಇಳಿಯಲಿ

ಚಾರ್ಜರಿನ ಹಸಿರು ದೀಪ ಹೇಳುವುದೆಲ್ಲ ನಿಜವಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಒಂದಿದ್ದರೆ ಬ್ಯಾಟರಿಯ ನಾಡಿ ನೋಡಬಹುದು. ಡಿಸಿ 20 ವೋಲ್ಟಿಗೆ ತಿರುಗಿಸಿ ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿ.

ಚಾರ್ಜರ್ ತೆಗೆದ ಕೂಡಲೇ ನೋಡಿದರೆ 13.5 ತೋರಿಸಬಹುದು. ನಂಬಬೇಡಿ. ಆಗಷ್ಟೇ ಕರೆದ ಹಾಲಿನ ತಂಬಿಗೆ ಕಂಠದವರೆಗೆ ತುಂಬಿದಂತೆ ಕಾಣುತ್ತದೆ, ನೊರೆ ಇಳಿದ ಮೇಲೆ ಡೈರಿಗೆ ಅಳೆದುಕೊಟ್ಟಾಗ ತಿಳಿಯುತ್ತದೆ ನಿಜದ ಲೆಕ್ಕ. ಬ್ಯಾಟರಿಯನ್ನೂ ಏನಕ್ಕೂ ಜೋಡಿಸದೆ ಒಂದು ರಾತ್ರಿ ಬಿಟ್ಟು ನೋಡಿ. 12.8 ಅಥವಾ ಮೇಲಿದ್ದರೆ ತುಂಬಿದೆ. 12.5 ಸುಮಾರು ಮುಕ್ಕಾಲು. 12.2 ಅರ್ಧ. 12ಕ್ಕೆ ಬಂದರೆ ಕಾಲುಭಾಗ. 11.8ರ ಕೆಳಗೆ ಖಾಲಿ. ಮಾಡಿದ ಕಂಪನಿಯನ್ನು ನೋಡಿಕೊಂಡು ಒಂದು ಗೆರೆ ಆಚೀಚೆ ಆದೀತು. ಬಳಸುವಾಗ, ಅಂದರೆ ಪಂಪು ಓಡುತ್ತಿರುವಾಗ, 10.5ಕ್ಕಿಂತ ಕೆಳಗೆ ಇಳಿಯಲು ಬಿಡಲೇಬಾರದು.

ಎರಡು ದಿನ ಸುಮ್ಮನೆ ಇಟ್ಟರೂ ಮೇಲಿಂದ ಮೇಲೆ ಇಳಿದು 10.6ರ ಹತ್ತಿರ ನಿಂತರೆ ಆರು ಮನೆಯಲ್ಲಿ ಒಂದು ಸತ್ತಿದೆ ಎಂದರ್ಥ. ಅದನ್ನು ಚಾರ್ಜಿಗೆ ಹಾಕುವುದೂ ಒಳ್ಳೆಯದಲ್ಲ. ಉಳಿದ ಐದು ಮನೆಗಳು ಆರರ ಪಾಲಿನ ವೋಲ್ಟು ತಿಂದು ಬಿಸಿಯಾಗುತ್ತವೆ.

ಪಿನ್ನು ಕೂರುತ್ತದೆ ಎಂದರೆ ಚಾರ್ಜರ್ ಹೊಂದುತ್ತದೆ ಎಂದಲ್ಲ

ಈಚೆಗೆ ಸ್ಪ್ರೇಯರುಗಳು ಎರಡು ಬಗೆಯಲ್ಲಿ ಬರುತ್ತಿವೆ, ಸೀಸದ್ದು ಮತ್ತು ಲಿಥಿಯಂನದ್ದು. ಚಾರ್ಜರಿನ ಪಿನ್ನು ಎರಡಕ್ಕೂ ಒಂದೇ ಆಗಿರುವುದುಂಟು. ಮೂರು ಲಿಥಿಯಂ ಸೆಲ್ಲುಗಳ ಪ್ಯಾಕಿನ ಚಾರ್ಜರ್ 12.6 ವೋಲ್ಟಿಗೆ ನಿಲ್ಲುತ್ತದೆ. ಅದನ್ನು ಸೀಸದ ಬ್ಯಾಟರಿಗೆ ಹಾಕಿದರೆ ಅದು ಯಾವತ್ತೂ ತುಂಬುವುದಿಲ್ಲ, ಅರೆಹೊಟ್ಟೆಯಲ್ಲೇ ಸಾಯುತ್ತದೆ. ಇದು ನಿಧಾನದ ನಷ್ಟ. ಅದಲು ಬದಲಾಗಿ 14.5 ವೋಲ್ಟಿನ ಸೀಸದ ಚಾರ್ಜರನ್ನು ಆ ಲಿಥಿಯಂ ಪ್ಯಾಕಿಗೆ ಹಾಕುವುದು ಬೆಂಕಿಯ ಜೊತೆ ಆಟ. ನಾನು ನಮ್ಮನೆಯ ಎರಡೂ ಚಾರ್ಜರಿಗೆ ಬಿಳಿ ಟೇಪು ಸುತ್ತಿ ಯಾವುದಕ್ಕೆ ಯಾವುದು ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಕೊಳ್ಳುವಾಗ ಮೇಲೆ ಎಸ್‌ಎಂಎಫ್ ಅಥವಾ ಎಜಿಎಂ ಎಂದು ಬರೆದಿರುವ, ತಾನಾಗಿ ಫ್ಲೋಟಿಗೆ ಇಳಿಯುವ ಚಾರ್ಜರ್ ಕೇಳಿ. ತೀರಾ ಅಗ್ಗದ ಎಮರ್ಜೆನ್ಸಿ ಲೈಟುಗಳಲ್ಲಿ, ತುಂಬಿದ ಮೇಲೆ ಚಾರ್ಜು ತಾನಾಗಿ ನಿಲ್ಲಿಸುವ ಕಟ್‌ಆಫ್ ಇರುವುದೇ ಇಲ್ಲ; ಅಂಥವನ್ನು ಗೋಡೆಯ ಪ್ಲಗ್ಗಿಗೆ ನೇತುಹಾಕಿ ತಿಂಗಳುಗಟ್ಟಲೆ ಮರೆಯಬೇಡಿ. ಮನೆಯ ಇನ್ವರ್ಟರಿಗೆ ಸೀಲ್ಡ್ ಬ್ಯಾಟರಿ ಜೋಡಿಸಿದ್ದರೆ ಹಿಂಬದಿಯಲ್ಲಿ ಟ್ಯೂಬ್ಯುಲರ್, ಎಸ್‌ಎಂಎಫ್ ಎಂದು ಬದಲಿಸುವ ಸ್ವಿಚ್ ಇರುತ್ತದೆಯೇ ನೋಡಿ. ಟ್ಯೂಬ್ಯುಲರಿನ ಕಡೆ ಇದ್ದರೆ ವೋಲ್ಟು ಹೆಚ್ಚಾಗಿ ಹೋಗುತ್ತದೆ.

ಎರಡು ಬ್ಯಾಟರಿಯನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದು ಬೇಗ ತುಂಬುತ್ತದೆ, ಹೊಸದು ತುಂಬುವವರೆಗೂ ಅದು ಏಟು ತಿನ್ನುತ್ತಲೇ ಇರುತ್ತದೆ. ಮುದಿ ಎತ್ತಿಗೆ ಎಳೆಗರು ಕಟ್ಟಿದ ಗಾಡಿ ಅದು.

ಬೇಲಿಯ ಬ್ಯಾಟರಿ

ಸೋಲಾರ್ ಬೇಲಿಯ ಬ್ಯಾಟರಿಗೆ ಎರಡು ಕಷ್ಟ. 12 ವೋಲ್ಟಿನದ್ದೆಂದು ಮಾರುವ ಪ್ಯಾನೆಲ್ಲು ಒಳ್ಳೆ ಬಿಸಿಲಿನಲ್ಲಿ, ಏನಕ್ಕೂ ಜೋಡಿಸದೇ ಇದ್ದಾಗ, 21-22 ವೋಲ್ಟ್ ಕೊಡುತ್ತದೆ. ಅದನ್ನು ನೇರ ಬ್ಯಾಟರಿಗೆ ಕಟ್ಟಿದರೆ ನನ್ನ ಸ್ಪ್ರೇಯರಿನ ಕಥೆಯೇ ಬಿಸಿಲಿನಲ್ಲಿ ನಡೆಯುತ್ತದೆ. ನಡುವೆ ವೋಲ್ಟನ್ನು ಹದದಲ್ಲಿ ಹಿಡಿಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು, ಅದರಲ್ಲಿ ಆಯ್ಕೆ ಇದ್ದರೆ ಸೀಲ್ಡ್ ಎಂದು ಇಡಬೇಕು.

ಮಳೆಗಾಲದಲ್ಲಿ ಕಷ್ಟ ತಿರುಗುಮುರುಗು. ಮೋಡ, ಮಂಜು, ಮೇಲೆ ಅಡಿಕೆ ಹೆಡೆಯ ನೆರಳು, ಪ್ಯಾನೆಲ್ಲಿನ ಮೇಲೆ ಪಾಚಿ. ಬೇಲಿ ಮಾತ್ರ ರಾತ್ರಿಯಿಡೀ ಟಿಕ್ ಟಿಕ್ ಎನ್ನುತ್ತಾ ಬ್ಯಾಟರಿ ಕುಡಿಯುತ್ತದೆ. ಹದಿನೈದು ದಿನ ಹೀಗಾದರೆ ಬ್ಯಾಟರಿ ತಳ ಕಾಣುತ್ತದೆ, ಶ್ರಾವಣದಲ್ಲಿ ಬಿಸಿಲು ಬರುವಷ್ಟರಲ್ಲಿ ಹರಳುಗಟ್ಟಿರುತ್ತದೆ. ನಮ್ಮೂರಲ್ಲಿ ಕೆಲವರು ಒಂದೇ ಅಳತೆಯ ಎರಡು ಬ್ಯಾಟರಿ ಇಟ್ಟುಕೊಂಡು, ಒಂದು ಬೇಲಿಯಲ್ಲಿರುವಾಗ ಇನ್ನೊಂದನ್ನು ಮನೆಗೆ ತಂದು ಕರೆಂಟಿನಲ್ಲಿ ತುಂಬಿಸುತ್ತಾರೆ. ಖರ್ಚು ಹೌದು, ಆದರೆ ವರ್ಷಕ್ಕೊಂದು ಹೊಸ ಬ್ಯಾಟರಿ ಕೊಳ್ಳುವುದಕ್ಕಿಂತ ಕಡಿಮೆ.

ಮನೆಗೆ ತಂದೇ ತುಂಬಿಸಿ. ಬೇಲಿಯ ಯಂತ್ರಕ್ಕೆ ಜೋಡಿಸಿದ ಹಾಗೇ ಬ್ಯಾಟರಿಗೆ ಗೋಡೆಯ ಕರೆಂಟಿನ ಚಾರ್ಜರ್ ಹಾಕಬೇಡಿ. ಚಾರ್ಜರ್ ಕೆಟ್ಟರೆ 230 ವೋಲ್ಟು ಬೇಲಿಯ ತಂತಿಗೆ ಹರಿಯುವ ದಾರಿ ಆಗುತ್ತದೆ. ಬೇಲಿಯ ಪೆಟ್ಟು ಕ್ಷಣಕ್ಕೊಮ್ಮೆ ಮುಟ್ಟಿ ಬಿಡುವಂಥದ್ದು. ಮನೆಯ ಕರೆಂಟು ಹಿಡಿದರೆ ಬಿಡುವುದಿಲ್ಲ.

ಕೈ, ಕಣ್ಣು, ಕೋಣೆ

ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು. ಈ ಕ್ರಮ ತಪ್ಪಿದರೆ ಟರ್ಮಿನಲ್ಲಿನ ಬಳಿ ಕಿಡಿ ಹಾರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಸರಿಯಾದ ವೋಲ್ಟಿನಲ್ಲಿ ಸೀಲ್ಡ್ ಬ್ಯಾಟರಿ ಬಿಡುವ ಅನಿಲ ತೀರಾ ಕಡಿಮೆ, ಆದರೂ ಬೀಗ ಹಾಕಿದ ಕಪಾಟು, ಮಲಗುವ ಕೋಣೆ, ಒಲೆಯ ಪಕ್ಕ, ಅಡಿಕೆ ಒಣಗಿಸುವ ಹೊಗೆ ಅಟ್ಟ ಇವೆಲ್ಲ ಚಾರ್ಜಿಂಗಿಗೆ ಜಾಗವಲ್ಲ. ತಲೆಕೆಳಗಾಗಿ ಇಟ್ಟು ಚಾರ್ಜ್ ಮಾಡಬಾರದು, ಅನಿಲ ಬಿಡುವ ಮುಚ್ಚಳ ಮೇಲ್ಭಾಗದಲ್ಲಿರುತ್ತದೆ.

ನೆಲದ ಮೇಲೆ ಇಟ್ಟರೆ ಚಾರ್ಜು ನೆಲಕ್ಕೆ ಇಳಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದ ಮಾತು ಅದು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸುವುದಿಲ್ಲ. ಆದರೂ ನಾನು ಹಲಗೆಯ ಮೇಲೇ ಇಡುತ್ತೇನೆ, ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆ ನೆಲ ಬೆವರುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮುಟ್ಟಿದಾಗ ಕೈ ಇಡಲಾಗದಷ್ಟು ಬಿಸಿಯಿದ್ದರೆ, ಗೋಡೆ ಉಬ್ಬಿದ್ದರೆ ಬ್ಯಾಟರಿಯ ಹತ್ತಿರ ಹೋಗುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದ್ದು, ವಿಷ. ಹೆಚ್ಚು ಹೊತ್ತು ಉಸಿರಾಡಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಬ್ಯಾಟರಿ ತಣ್ಣಗಾದ ಮೇಲೆ ಕ್ಲಿಪ್ಪು ತೆಗೆಯಿರಿ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಸೋರಿದ ಆಮ್ಲಕ್ಕೆ ಅಡುಗೆ ಸೋಡಾ ಉದುರಿಸಿ ನೀರು ಹಾಕಿ. ಚರ್ಮಕ್ಕೋ ಕಣ್ಣಿಗೋ ತಾಗಿದರೆ ಸೋಡಾ ಬೇಡ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆಯಿರಿ. ಕಣ್ಣಾದರೆ ತೊಳೆದ ಕೂಡಲೇ ಆಸ್ಪತ್ರೆಗೆ.

ಸೀಲ್ ಮಾಡಿದ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಸಿರಿಂಜಿನಲ್ಲಿ ನೀರು ಬಿಟ್ಟು ಬದುಕಿಸುವ ಸಾಹಸವನ್ನು ಮೊಬೈಲಿನಲ್ಲಿ ಎಷ್ಟೋ ಜನ ತೋರಿಸುತ್ತಾರೆ. ನಾನೂ ಒಮ್ಮೆ ಮಾಡಿದೆ. ಮೂರು ವಾರ ಬಂತು, ಒಂದು ಅಂಗಿ ತೂತಾಯಿತು.

ತೆಗೆದಿಡುವಾಗ, ಕೊಡುವಾಗ

ಔಷಧಿ ಹೊಡೆಯುವ ಕೆಲಸ ಮುಗಿದು ಸ್ಪ್ರೇಯರನ್ನು ಅಟ್ಟಕ್ಕೆ ಹಾಕುವ ಮುಂಚೆ ಪೂರ್ತಿ ತುಂಬಿಸಿ, ತಂತಿ ಬಿಡಿಸಿ ಇಡಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಕೆಳಗಿಳಿಸಿ ಮತ್ತೆ ತುಂಬಿಸಿ. ನೆನಪಿರುವುದಿಲ್ಲ ಎನ್ನುವವರು ದೀಪಾವಳಿ, ಶಿವರಾತ್ರಿ, ಮಳೆಗಾಲಕ್ಕೆ ಮುಂಚಿನ ರೋಹಿಣಿ ಮಳೆ ಎಂದು ಇಟ್ಟುಕೊಳ್ಳಬಹುದು. ಕೊಂಡ ತಾರೀಕನ್ನು ಬ್ಯಾಟರಿಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ.

ಸತ್ತ ಬ್ಯಾಟರಿಯನ್ನು ಕಸಕ್ಕೆ ಎಸೆಯುವಂತಿಲ್ಲ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಬೇರೆ ಕಸದ ಜೊತೆ ಬೆರೆಸದೆ ಒಪ್ಪಿಸುವುದು ಬಳಸಿದವರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ತೂಗಿ ಬೆಲೆ ಕಳೆದುಕೊಳ್ಳುತ್ತಾರೆ. ಗುಜರಿಯವನಿಗಿಂತ ಅಲ್ಲಿ ಕೊಡುವುದು ಸರಿ. ಇನ್ನು ಮೀನು ಬಲೆಗೆ ಗುಂಡು ಮಾಡಲು ಬ್ಯಾಟರಿ ಒಡೆದು, ಸೀಸವನ್ನು ಹಳೆಯ ಬಾಣಲೆಯಲ್ಲಿ ಕರಗಿಸುವವರು ಹೊಳೆ ಪಕ್ಕದ ಊರುಗಳಲ್ಲಿ ಈಗಲೂ ಇದ್ದಾರೆ. ಆ ಹೊಗೆಯಲ್ಲಿ, ಅಂಗಳದಲ್ಲಿ ಉಳಿಯುವ ಬೂದು ಪುಡಿಯಲ್ಲಿ ಇರುವುದು ಸೀಸವೇ. ಮಕ್ಕಳ ಮೈಗೆ ಸೇರಿದರೆ ಅದು ನಾಟುವುದು ಮೆದುಳಿಗೆ. ನನ್ನ ಉಬ್ಬಿದ ಬ್ಯಾಟರಿಯನ್ನು ಸ್ಪ್ರೇಯರಿನ ಡಬ್ಬಿ ಕೊಯ್ದೇ ಹೊರತೆಗೆಯಬೇಕಾಯಿತು. ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಡಿಕ್ಕಿಗೆ ಹಾಕದೆ ಬೈಕಿನಲ್ಲೇ ಪೇಟೆಗೆ ಒಯ್ದೆ. ಅಂಗಡಿಯವರು ತಕ್ಕಡಿಗೆ ಹಾಕಿ, ಉಬ್ಬಿದ್ದಕ್ಕೆ ಒಂದು ಮಾತೂ ಆಡದೆ, ಹೊಸದರ ಬೆಲೆಯಲ್ಲಿ ಅದರ ತೂಕದ ದುಡ್ಡು ಕಳೆದರು.